ಐಸೊಲೇಟೆಡ್ ಯುಎಸ್‌ಬಿ–ಆರ್‌ಎಸ್485 ಕನ್ವರ್ಟರ್: ದುಡ್ಡು ಜಾಸ್ತಿ, ತಲೆನೋವು ಕಡಿಮೆ

ಮೊದಲೇ ಹೇಳಿಬಿಡುತ್ತೇನೆ, ಲ್ಯಾಪ್‌ಟಾಪಿನ ಯುಎಸ್‌ಬಿಯನ್ನು ಆರ್‌ಎಸ್485ಗೆ, ಅಂದರೆ ಹಲವು ಮೀಟರ್‌ಗಳು ಒಂದೇ ಜೋಡಿ ತಂತಿಯ ಮೇಲೆ ಮಾತಾಡುವ ಲೈನಿಗೆ, ಜೋಡಿಸುವ ಈ ಡಬ್ಬಿ ಚೆನ್ನಾಗಿದೆ, ಆದರೆ ಎಲ್ಲರಿಗೂ ಬೇಕಾಗಿಲ್ಲ. ಮೇಜಿನ ಮೇಲೆ ಒಂದು ಎನರ್ಜಿ ಮೀಟರ್ ಇಟ್ಟುಕೊಂಡು ಲ್ಯಾಪ್‌ಟಾಪ್‌ನಲ್ಲಿ ನಾಲ್ಕು ರಿಜಿಸ್ಟರ್ (ಮೀಟರ್ ತನ್ನ ಅಳತೆ ಇಡುವ ಖಾನೆ) ಓದುವುದಷ್ಟೇ ನಿಮ್ಮ ಕೆಲಸವಾದರೆ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಪುಟ್ಟ ಡಾಂಗಲ್ ಸಾಕು. ಫ್ಯಾಕ್ಟರಿಯೊಳಗೆ, ಡ್ರೈವ್‌ಗಳು (ಮೋಟಾರ್ ವೇಗ ಹಿಡಿಯುವ ಪೆಟ್ಟಿಗೆಗಳು) ಓಡುತ್ತಿರುವಾಗ, ಯಾರೋ ಎಳೆದ ಲೈನಿಗೆ ಕೈ ಹಾಕಿ "ಕಮ್ಯುನಿಕೇಶನ್ ಯಾಕೆ ಹೋಗುತ್ತಿದೆ" ಎಂದು ಹುಡುಕಬೇಕಾದವರಿಗೆ ಈ ವಿಮರ್ಶೆ.

ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಬರೆದರೂ ಉಪಯೋಗವಿಲ್ಲ, ಯಾಕೆಂದರೆ ಇದೇ ಡಬ್ಬಿ ಬೇರೆ ಬೇರೆ ಸ್ಟಿಕ್ಕರ್ ಅಂಟಿಸಿಕೊಂಡು ಬೇರೆ ಬೇರೆ ಬೆಲೆಗೆ ಸಿಗುತ್ತದೆ. ಏನು ನೋಡಿ ತೆಗೆದುಕೊಳ್ಳಬೇಕು ಎನ್ನುವುದು ಮುಖ್ಯ. ನನ್ನದರಲ್ಲಿ ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ ಎ, ಬಿ, ಜಿಎನ್‌ಡಿ (ಗ್ರೌಂಡ್) ಎಂಬ ಮೂರು ಸ್ಕ್ರೂ ಟರ್ಮಿನಲ್ ಇವೆ. ಒಳಗೆ ಎಫ್‌ಟಿಡಿಐ ಕಂಪನಿಯ ಎಫ್‌ಟಿ232ಆರ್ ಚಿಪ್. ಯುಎಸ್‌ಬಿ ಕಡೆಗೂ ಲೈನ್ ಕಡೆಗೂ ನಡುವೆ 2500 ವೋಲ್ಟ್ ಐಸೊಲೇಶನ್ (ನೇರ ವಿದ್ಯುತ್ ಸಂಪರ್ಕ ಇಲ್ಲದಿರುವುದು) ಎಂದು ಲೇಬಲ್ ಹೇಳುತ್ತದೆ. ಕಳಿಸುವಾಗ ಮಿನುಗುವ ಲೈಟ್ ಒಂದು, ಬಂದಾಗ ಮಿನುಗುವ ಲೈಟ್ ಒಂದು. ಮತ್ತೆ ಮೂರು ಸಣ್ಣ ಡಿಪ್ ಸ್ವಿಚ್: ಒಂದು 120 ಓಮ್ ಟರ್ಮಿನೇಶನ್‌ಗೆ (ಸಿಗ್ನಲ್ ಹಿಂದೆ ಪುಟಿಯದಿರಲು ಲೈನಿನ ತುದಿಗೆ ಹಾಕುವ ರೆಸಿಸ್ಟರ್), ಎರಡು ಬಯಾಸ್‌ಗೆ (ಅದರ ಮಾತು ಮುಂದೆ). ನಾನು ದುಡ್ಡು ಕೊಟ್ಟಿದ್ದು ಮುಖ್ಯವಾಗಿ ಈ ಸ್ವಿಚ್‌ಗಳಿಗೆ. ಐಸೊಲೇಶನ್ ಆಮೇಲಿನ ಮಾತು.

ಯಾಕೆ ಅಂತ ಒಂದು ಉದಾಹರಣೆಯಲ್ಲೇ ಹೇಳುತ್ತೇನೆ. ಪೀಣ್ಯದ ಒಂದು ಫ್ಯಾಕ್ಟರಿ. ಒಂದು ಪಿಎಲ್‌ಸಿ (ಯಂತ್ರಗಳನ್ನು ನಡೆಸುವ ಕಂಪ್ಯೂಟರ್), ಅದರ ಹಿಂದೆ ಸಾಲಾಗಿ ಎನರ್ಜಿ ಮೀಟರ್‌ಗಳು, ಅವು ಮಾತಾಡುವ ಭಾಷೆ ಮಾಡ್‌ಬಸ್ ಆರ್‌ಟಿಯು, ಸೆಕೆಂಡಿಗೆ 9600 ಬಿಟ್ ವೇಗ. ಹಳೆ ಮೀಟರ್‌ಗಳು ವರ್ಷಗಟ್ಟಲೆ ಸುಮ್ಮನೆ ನಡೆದಿದ್ದವು. ಹೊಸದಾಗಿ ಮೂರು ಮೀಟರ್ ಸೇರಿಸಿದ ಮೇಲೆ ಕೊನೆಯ ಕಡೆಯವು ಬರುತ್ತವೆ, ಹೋಗುತ್ತವೆ. ನೋಡಲು ಬಂದಿದ್ದ ಸರ್ವಿಸ್ ಹುಡುಗ ತನ್ನ ಅಗ್ಗದ ಡಾಂಗಲ್ ಅನ್ನು ಲೈನಿನ ಮಧ್ಯೆ ಸಿಕ್ಕಿಸಿದಾಗ ಇನ್ನಷ್ಟು ಮೀಟರ್‌ಗಳು ಕಾಣೆಯಾದವು. ಕೇಬಲ್ ಕೆಟ್ಟಿದೆ, ಪೂರ್ತಿ ಬದಲಿಸಬೇಕು ಎಂದು ವರದಿ ಬಂತು. ಕೇಬಲ್ ಟ್ರೇ ಮೇಲಿಂದ ಅಷ್ಟು ಉದ್ದ ಹೊಸ ಕೇಬಲ್ ಎಳೆಯುವುದು ಅಂದರೆ ಎಷ್ಟು ಖರ್ಚು, ಎಷ್ಟು ಹೊತ್ತು ಕೆಲಸ ನಿಲ್ಲಿಸಬೇಕು, ಗೊತ್ತಲ್ವಾ.

ಎಲ್ಲ ಸಾಧನಗಳ ಕರೆಂಟ್ ತೆಗೆದು ಎ ಮತ್ತು ಬಿ ನಡುವೆ ಮಲ್ಟಿಮೀಟರ್ ಇಟ್ಟರೆ ಉತ್ತರ ಅಲ್ಲೇ ಇತ್ತು. ಸರಿಯಾದ ಲೈನಿನಲ್ಲಿ ಎರಡೇ ಟರ್ಮಿನೇಟರ್ ಇರಬೇಕು, ಈ ತುದಿಗೆ ಒಂದು, ಆ ತುದಿಗೆ ಒಂದು, ತಲಾ 120 ಓಮ್. ಎರಡೂ ಸಮಾನಾಂತರವಾಗಿ ಇರುವುದರಿಂದ ಮಲ್ಟಿಮೀಟರ್ 60ರ ಹತ್ತಿರ ತೋರಿಸಬೇಕು. 120 ತೋರಿಸಿದರೆ ಒಂದು ಕಡೆಯದು ಇಲ್ಲ. 40 ತೋರಿಸಿದರೆ ಎಲ್ಲೋ ಮೂರನೆಯದು ಇದೆ. ಅಲ್ಲಿ ಬಂದಿದ್ದು 24. ಅಂದರೆ ಐದು. ಹೊಸ ಮೂರೂ ಮೀಟರ್‌ಗಳ ಹಿಂದೆ ಟರ್ಮಿನೇಶನ್ ಜಂಪರ್ ಇತ್ತು, ಡಬ್ಬಿಯಿಂದ ಬಂದ ಹಾಗೇ ಆನ್ ಆಗಿತ್ತು. ಯಾರೂ ತೆಗೆದಿರಲಿಲ್ಲ. ಆರ್‌ಎಸ್485ರಲ್ಲಿ ಡ್ರೈವರ್ (ಲೈನಿಗೆ ಸಿಗ್ನಲ್ ತಳ್ಳುವ ಚಿಪ್) 54 ಓಮ್ ಲೋಡಿಗೆ ಕನಿಷ್ಠ 1.5 ವೋಲ್ಟ್ ಕೊಡಬೇಕು ಎಂದು ಲೆಕ್ಕ. 24 ಓಮ್ ಹೇರಿದರೆ ಆ ವೋಲ್ಟೇಜ್ ಕುಸಿಯುತ್ತದೆ, ದೂರದ ಮೀಟರಿಗೆ ತಲುಪುವಾಗ ಇನ್ನೂ ಸಣ್ಣದಾಗುತ್ತದೆ, ಸ್ವಲ್ಪ ನಾಯ್ಸ್ ಬಂದರೂ ಬಿಟ್ ಹೋಯಿತು. ಜಂಪರ್ ತೆಗೆದರು, ಹಳೆಯ ಕೊನೆಯಲ್ಲಿದ್ದ ರೆಸಿಸ್ಟರನ್ನು ಹೊಸ ಕೊನೆಗೆ ಹಾಕಿದರು, ಅಷ್ಟೇ. ಕೇಬಲ್ ಮುಟ್ಟಬೇಕಾಗಲೇ ಇಲ್ಲ.

ಹಾಗಾದರೆ ಡಾಂಗಲ್ ಸಿಕ್ಕಿಸಿದಾಗ ಯಾಕೆ ಜಾಸ್ತಿ ಕೆಟ್ಟಿತು? ಆ ಅಗ್ಗದ ಡಾಂಗಲ್‌ನ ಬೋರ್ಡ್ ಮೇಲೇ 120 ಓಮ್ ರೆಸಿಸ್ಟರ್ ಬೆಸುಗೆ ಹಾಕಿ ಕೂರಿಸಿದ್ದರು. ಲೈನಿಗೆ ಆರನೆಯದು ಸೇರಿತು, 24 ಹೋಗಿ 20 ಆಯಿತು. ಪರೀಕ್ಷೆ ಮಾಡಲು ತಂದ ಸಾಮಾನೇ ರೋಗ ಜಾಸ್ತಿ ಮಾಡಿತು. ನಾನು ಹಿಡಿದುಕೊಂಡು ಹೋದ ಈ ಡಬ್ಬಿಯಲ್ಲಿ ಸ್ವಿಚ್ ಆಫ್ ಮಾಡಿ ಮಧ್ಯೆ ಸಿಕ್ಕಿಸಿದರೆ ರೆಸಿಸ್ಟೆನ್ಸ್ ಅಲುಗಾಡುವುದಿಲ್ಲ. ಲೈನ್ ಹೇಗಿದೆಯೋ ಹಾಗೇ ನೋಡಬಹುದು. ನಿಮ್ಮ ಹತ್ತಿರ ಈಗ ಇರುವ ಡಾಂಗಲ್ ಎಂಥದ್ದು ಎಂದು ತಿಳಿಯಲು ಅದರ ಎ–ಬಿ ನಡುವೆ ಸುಮ್ನೆ ಒಮ್ಮೆ ಮಲ್ಟಿಮೀಟರ್ ಇಡಿ. 120 ಬಂತಾ? ಹಾಗಿದ್ದರೆ ಅದನ್ನು ಲೈನಿನ ತುದಿಯಲ್ಲಿ ಮಾತ್ರ, ಅಲ್ಲಿಯ ಟರ್ಮಿನೇಟರ್ ತೆಗೆದು ಬಳಸಿ, ಇಲ್ಲವೇ ಆ ರೆಸಿಸ್ಟರ್ ಕಿತ್ತು ಬಿಡಿ.

ಬಯಾಸ್ ಸ್ವಿಚ್‌ಗಳ ಬೆಲೆ ಹಲವರಿಗೆ ಗೊತ್ತಿಲ್ಲ. ಯಾರೂ ಮಾತಾಡದೇ ಇದ್ದಾಗ ಲೈನ್ ಗಾಳಿಯಲ್ಲಿ ತೇಲುತ್ತದೆ. ಎ–ಬಿ ನಡುವಿನ ವ್ಯತ್ಯಾಸ ಪ್ಲಸ್ 200 ಮಿಲಿವೋಲ್ಟ್‌ಗೂ ಮೈನಸ್ 200ಕ್ಕೂ ನಡುವೆ ಇದ್ದರೆ ಹಳೆ ರಿಸೀವರ್ ಚಿಪ್ ಅದನ್ನು ಒಂದು ಎಂದೂ ಓದಬಹುದು, ಸೊನ್ನೆ ಎಂದೂ ಓದಬಹುದು. ಆಗ ಉತ್ತರದ ಮೊದಲ ಬೈಟ್‌ಗೆ ಮುಂಚೆ ಕಸ ಬರುತ್ತದೆ, ಸಿಆರ್‌ಸಿ ಎರರ್ (ಸಂದೇಶದ ತಾಳೆ ಲೆಕ್ಕ ತಪ್ಪು) ಎಂದು ಸಾಫ್ಟ್‌ವೇರ್ ಕಿರುಚುತ್ತದೆ. ಇದನ್ನು ತಡೆಯಲು ಒಂದು ತಂತಿಯನ್ನು 5 ವೋಲ್ಟ್ ಕಡೆಗೆ, ಇನ್ನೊಂದನ್ನು ಗ್ರೌಂಡ್ ಕಡೆಗೆ ರೆಸಿಸ್ಟರ್ ಮೂಲಕ ಎಳೆಯುತ್ತಾರೆ. ಎರಡೂ ಕಡೆ 560 ಓಮ್ ಹಾಕಿದರೆ, 60 ಓಮ್ ಲೈನಿನಲ್ಲಿ ಸುಮಾರು ಕಾಲು ವೋಲ್ಟ್ ನಿಲ್ಲುತ್ತದೆ, ಸಾಕು. ಅಗ್ಗದ ಬೋರ್ಡ್‌ಗಳಲ್ಲಿ ಅದೇ ಜಾಗದಲ್ಲಿ 10 ಕಿಲೋ ಓಮ್ ಇದ್ದರೆ ನಿಲ್ಲುವುದು 15 ಮಿಲಿವೋಲ್ಟ್. ಇದ್ದೂ ಇಲ್ಲದ ಹಾಗೆ. ಈ ಡಬ್ಬಿಯ ಎರಡು ಸ್ವಿಚ್ ಆನ್ ಮಾಡಿದ ಕೂಡಲೇ ಎರರ್ ನಿಂತರೆ, ರೋಗ ಬಯಾಸ್ ಇಲ್ಲದ್ದು ಎಂದು ಗೊತ್ತಾಯಿತು. ಆಮೇಲೆ ಅದನ್ನು ಪಿಎಲ್‌ಸಿ ಹತ್ತಿರ, ಒಂದೇ ಜಾಗದಲ್ಲಿ, ಕಾಯಂ ಆಗಿ ಹಾಕಿಸಿ. ಸಿಕ್ಕ ಸಿಕ್ಕಲ್ಲಿ ಹಾಕಿದರೆ ಮತ್ತೆ ಲೋಡ್ ಜಾಸ್ತಿ.

ಈಗ ಐಸೊಲೇಶನ್ ವಿಷಯ. ಎರಡು ಪಿನ್ ಚಾರ್ಜರ್ ಹಾಕಿದ ಲ್ಯಾಪ್‌ಟಾಪಿನ ಲೋಹದ ಭಾಗ ಸವರಿದರೆ ಜುಮ್ ಅನ್ನುತ್ತದಲ್ಲ, ಅದು ಚಾರ್ಜರ್ ಒಳಗಿನ ಕೆಪಾಸಿಟರ್ ಮೂಲಕ ಸೋರಿ ಬರುವ ವೋಲ್ಟೇಜ್. ಕರೆಂಟ್ ತೀರಾ ಸಣ್ಣದು, ಆದರೆ ಲ್ಯಾಪ್‌ಟಾಪಿನ ಗ್ರೌಂಡ್ ಮತ್ತು ಪ್ಯಾನೆಲಿನ ಗ್ರೌಂಡ್ ಒಂದೇ ಮಟ್ಟದಲ್ಲಿ ಇಲ್ಲ ಎನ್ನುವುದಕ್ಕೆ ಸಾಕ್ಷಿ. ಆರ್‌ಎಸ್485 ಮೈನಸ್ 7ರಿಂದ ಪ್ಲಸ್ 12 ವೋಲ್ಟ್‌ವರೆಗಿನ ವ್ಯತ್ಯಾಸ ತಡೆದುಕೊಳ್ಳುತ್ತದೆ, ಅದಕ್ಕೂ ಮೀರಿದರೆ ಡೇಟಾ ಹೋಗುತ್ತದೆ, ಚಿಪ್ ಕೂಡ ಹೋಗಬಹುದು. ಅಗ್ಗದ ಡಾಂಗಲ್‌ನಲ್ಲಿ ನಾನು ಹೆಚ್ಚಾಗಿ ನೋಡಿದ್ದು ಬೇರೆ ತರಹದ ಕಾಟ: ಪಕ್ಕದ ಪ್ಯಾನೆಲಿನಲ್ಲಿ ದೊಡ್ಡ ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್) ಬಿದ್ದ ಕೂಡಲೇ ಲ್ಯಾಪ್‌ಟಾಪ್ ಟಿಣ್ ಎಂದು ಸದ್ದು ಮಾಡಿ ಯುಎಸ್‌ಬಿ ಕಳಚಿಕೊಳ್ಳುವುದು. ಪೋರ್ಟ್ ಮತ್ತೆ ತೆರೆಯುವವರೆಗೆ ಎಲ್ಲ ಮೀಟರ್ ಫೇಲ್. ಲೈನ್ ಕೆಟ್ಟಿತಾ, ಡಾಂಗಲ್ ಸತ್ತಿತಾ ಎಂದು ತಿಳಿಯದೆ ಅರ್ಧ ದಿನ ಹಾಳು. ಐಸೊಲೇಟೆಡ್ ಡಬ್ಬಿ ಬಂದ ಮೇಲೆ ಇದು ಬಹಳ ಕಡಿಮೆಯಾಗಿದೆ. ಪೂರ್ತಿ ನಿಂತಿಲ್ಲ, ಯುಎಸ್‌ಬಿ ಕೇಬಲ್ ಉದ್ದವಾಗಿದ್ದು ಡ್ರೈವ್‌ನ ಮೋಟಾರ್ ಕೇಬಲ್ ಪಕ್ಕ ಬಿದ್ದಿದ್ದರೆ ಈಗಲೂ ಒಮ್ಮೊಮ್ಮೆ ಆಗುತ್ತದೆ.

ದುಡ್ಡು ಹಾಕಲು ಮನಸ್ಸಿಲ್ಲ ಎನ್ನುವವರಿಗೆ ಒಂದು ಬಿಟ್ಟಿ ಉಪಾಯ ಇದೆ: ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಕೆಲಸ ಮಾಡಿ. ಅರ್ಧ ಕಾಟ ಅಲ್ಲೇ ಹೋಗುತ್ತದೆ.

ಆದರೆ ಐಸೊಲೇಶನ್ ಇದೆ ಎಂದು ಜಿಎನ್‌ಡಿ ಟರ್ಮಿನಲ್ ಖಾಲಿ ಬಿಡಬೇಡಿ. ಆರ್‌ಎಸ್485 ಎರಡು ತಂತಿಯದು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಮಾಡ್‌ಬಸ್ ಸೀರಿಯಲ್ ಲೈನಿನ ದಾಖಲೆಯಲ್ಲೇ ಮೂರನೆಯ ತಂತಿ, ಕಾಮನ್ (ಸಾಧನಗಳ ಗ್ರೌಂಡ್‌ಗಳನ್ನು ಜೋಡಿಸುವುದು), ಬೇಕು ಎಂದಿದೆ. ಐಸೊಲೇಟೆಡ್ ಸಾಧನಕ್ಕೆ ಅದಿನ್ನೂ ಮುಖ್ಯ, ಯಾಕೆಂದರೆ ಅದಕ್ಕೆ ಬೇರೆ ಯಾವ ದಾರಿಯಿಂದಲೂ ಗ್ರೌಂಡ್ ಸಿಗುವುದಿಲ್ಲ. ಶೀಲ್ಡನ್ನೇ (ಕೇಬಲಿನ ತಂತಿಗಳ ಸುತ್ತ ಇರುವ ಲೋಹದ ಹೊದಿಕೆ) ಕಾಮನ್ ಮಾಡಿಕೊಳ್ಳುವವರೂ ಇದ್ದಾರೆ, ಅದು ಬೇಡ. ಶೀಲ್ಡ್ ಒಂದೇ ತುದಿಯಲ್ಲಿ, ಮಾಸ್ಟರ್ (ಪ್ರಶ್ನೆ ಕೇಳುವ ಪಿಎಲ್‌ಸಿ) ಕಡೆ, ಅರ್ಥ್‌ಗೆ ಹೋಗಲಿ. ಡಬ್ಬಿ ಜೊತೆ ಬಂದ ಕಾಗದದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಆ ಕಾಗದದ ಬಗ್ಗೆ ಮುಂದೆ ಬೈಯುತ್ತೇನೆ.

ಎ ಮತ್ತು ಬಿ ಗೊಂದಲ ಈ ಡಬ್ಬಿಗೂ ತಪ್ಪಿಲ್ಲ. ಸ್ಟ್ಯಾಂಡರ್ಡ್ ಹೇಳುವ ಎ ಒಂದಾದರೆ ಚಿಪ್ ತಯಾರಕರ ಎ ಅದಕ್ಕೆ ಉಲ್ಟಾ. ಕೆಲವು ಕಡೆ ಡಿ0, ಡಿ1 ಎಂದಿರುತ್ತದೆ, ಕೆಲವು ಕಡೆ ಪ್ಲಸ್, ಮೈನಸ್. ಹೆಸರು ನಂಬಬೇಡಿ, ವೋಲ್ಟೇಜ್ ನಂಬಿ. ಪೋಲಿಂಗ್ (ಪಿಎಲ್‌ಸಿ ಸರದಿಯಲ್ಲಿ ಮೀಟರ್‌ಗಳನ್ನು ಕೇಳುವುದು) ನಿಲ್ಲಿಸಿ, ಸಾಧನಗಳಿಗೆ ಕರೆಂಟ್ ಕೊಟ್ಟು, ಲೈನ್ ಸುಮ್ಮನಿದ್ದಾಗ ಅಳೆಯಿರಿ. ಬಯಾಸ್ ಇರುವ ಲೈನಿನಲ್ಲಿ ಯಾವ ತಂತಿ ಮೇಲಿದೆಯೋ ಅದೇ ಪ್ಲಸ್. ಈ ಡಬ್ಬಿಯಲ್ಲಿ ಎ ಎಂದು ಬರೆದದ್ದು ಪ್ಲಸ್. ತಿರುವು ಮುರುವು ಹಾಕಿದರೆ ಏನೂ ಸುಡುವುದಿಲ್ಲ, ಉತ್ತರ ಬರುವುದಿಲ್ಲ ಅಷ್ಟೇ, ಆದ್ದರಿಂದ ಸಂಶಯ ಬಂದರೆ ಅದಲು ಬದಲು ಮಾಡಿ ನೋಡಲು ಹೆದರಬೇಡಿ.

ಲೈಟುಗಳು ತುಂಬಾ ಕೆಲಸಕ್ಕೆ ಬರುತ್ತವೆ. ಕಳಿಸುವ ಲೈಟ್ ಮಿನುಗುತ್ತಿದೆ, ಬರುವ ಲೈಟ್ ಸತ್ತಿದೆ: ತಂತಿ ತಪ್ಪು, ಐಡಿ (ಲೈನಿನಲ್ಲಿ ಮೀಟರಿನ ನಂಬರ್) ತಪ್ಪು ಅಥವಾ ವೇಗ ತಪ್ಪು. ಬರುವ ಲೈಟ್ ಕೂಡ ಮಿನುಗುತ್ತಿದೆ ಆದರೆ ಸಾಫ್ಟ್‌ವೇರ್ ಒಪ್ಪುತ್ತಿಲ್ಲ: ಪ್ಯಾರಿಟಿ (ಪ್ರತಿ ಅಕ್ಷರದ ಜೊತೆ ಹೋಗುವ ತಾಳೆ ಬಿಟ್) ನೋಡಿ. ಮಾಡ್‌ಬಸ್‌ನ ಡೀಫಾಲ್ಟ್ ಈವನ್ ಪ್ಯಾರಿಟಿ, ಆದರೆ ಪ್ಯಾರಿಟಿ ಇಲ್ಲದೆ ಒಂದು ಸ್ಟಾಪ್ ಬಿಟ್ ಇಟ್ಟು ಕಳಿಸುವ ಮೀಟರ್‌ಗಳು ರಾಶಿ ಇವೆ. ಅದೂ ಸರಿ ಇದ್ದರೆ ಒಂದೇ ಐಡಿ ಎರಡು ಮೀಟರ್‌ಗೆ ಇದೆಯಾ ನೋಡಿ. ಕೆಟ್ಟ ಮೀಟರ್ ತೆಗೆದು ಹೊಸದು ಹಾಕಿದವರು ಐಡಿ ಬದಲಿಸಲು ಮರೆಯುತ್ತಾರೆ, ಹೊಸದು ಸಾಮಾನ್ಯವಾಗಿ 1 ಎಂದೇ ಬಂದಿರುತ್ತದೆ, ಹಳೆ 1 ಕೂಡ ಅಲ್ಲೇ ಇರುತ್ತದೆ. ಇಬ್ಬರೂ ಒಟ್ಟಿಗೆ ಉತ್ತರ ಕೊಟ್ಟರೆ ಬರುವುದು ಕಲಸುಮೇಲೋಗರ. ಒಂದು ಮೀಟರಿನ ತಂತಿ ಬಿಚ್ಚಿದ ತಕ್ಷಣ ಇನ್ನೊಂದು ಸರಿಯಾಗಿ ಮಾತಾಡಿದರೆ ಇದೇ ಕಾರಣ.

ಇನ್ನೊಂದು, ಫೋನಿನಲ್ಲಿ ಪದೇ ಪದೇ ಕೇಳುವ ದೂರು: "ಸಾರ್, ನಾನು ಲ್ಯಾಪ್‌ಟಾಪ್ ಹಾಕಿದ ಮೇಲೆ ಎಲ್ಲ ಹೋಯ್ತು." ಹೋಗಲೇಬೇಕು. ಪಿಎಲ್‌ಸಿ ಕೇಳುತ್ತಿರುವಾಗ ನೀವೂ ಕೇಳಿದರೆ ಲೈನಿಗೆ ಇಬ್ಬರು ಯಜಮಾನರು. ಮಾಡ್‌ಬಸ್ ಆರ್‌ಟಿಯುನಲ್ಲಿ ಮಾಸ್ಟರ್ ಒಬ್ಬನೇ. ಪಿಎಲ್‌ಸಿಯ ಪೋಲಿಂಗ್ ನಿಲ್ಲಿಸಿ ಕೇಳಿ, ಇಲ್ಲವೇ ಏನೂ ಕಳಿಸದೆ ಕಿವಿಗೊಟ್ಟು ಕೂತು ಬೈಟ್‌ಗಳನ್ನು ನೋಡಿ. ಈ ಡಬ್ಬಿ ಕಿವಿಗೊಡುವ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. ಎಫ್‌ಟಿ232ಆರ್ ಚಿಪ್‌ನಲ್ಲಿ ಕಳಿಸುವಾಗ ಮಾತ್ರ ಡ್ರೈವರ್ ಆನ್ ಮಾಡುವ ಪ್ರತ್ಯೇಕ ಸಿಗ್ನಲ್ ಇದೆ. ಉಳಿದ ಹೊತ್ತು ಅದು ಲೈನಿನ ಕೈ ಬಿಟ್ಟಿರುತ್ತದೆ. ಅಗ್ಗದ ಕೆಲವು ಬೋರ್ಡ್‌ಗಳಲ್ಲಿ ಡೇಟಾ ಸಿಗ್ನಲ್‌ನಿಂದಲೇ ಡ್ರೈವರ್ ಆನ್ ಆಫ್ ಮಾಡುವ ಅಡ್ಡದಾರಿ ಇರುತ್ತದೆ. ಆಗ ಸೊನ್ನೆಯನ್ನು ಗಟ್ಟಿಯಾಗಿ ತಳ್ಳುತ್ತದೆ, ಒಂದನ್ನು ಆ ಬಡ ಬಯಾಸ್ ರೆಸಿಸ್ಟರ್‌ಗೆ ಬಿಟ್ಟುಬಿಡುತ್ತದೆ. ಮೇಜಿನ ಮೇಲೆ ಓಡುವುದು, ಉದ್ದ ಕೇಬಲಿನಲ್ಲಿ ಮುಗ್ಗರಿಸುವುದು ಇದೇ ಕಾರಣಕ್ಕೆ. ಅಂದ ಹಾಗೆ ಅಗ್ಗದವುಗಳಲ್ಲಿ ಇರುವ ಸಿಎಚ್340 ಚಿಪ್ ಕೆಟ್ಟದ್ದಲ್ಲ, ಅದರ ಸುತ್ತ ಕಟ್ಟಿದ ಸರ್ಕ್ಯೂಟ್‌ನಲ್ಲಿ ಜಿಪುಣತನ.

ಡ್ರೈವರ್ ಸಾಫ್ಟ್‌ವೇರ್ ಬಗ್ಗೆ. ವಿಂಡೋಸ್‌ನಲ್ಲಿ ಸಿಕ್ಕಿಸಿದರೆ ತಾನಾಗಿ ಬಂತು. ಯಾವ ಯುಎಸ್‌ಬಿ ಪೋರ್ಟಿಗೆ ಹಾಕಿದರೂ ಅದೇ ಕಾಮ್ ನಂಬರ್ (ವಿಂಡೋಸ್ ಪೋರ್ಟಿಗೆ ಕೊಡುವ ನಂಬರ್) ಬರುತ್ತದೆ, ಯಾಕೆಂದರೆ ಚಿಪ್ ಒಳಗೆ ಸೀರಿಯಲ್ ನಂಬರ್ ಇದೆ. ಸಿಎಚ್340ರಲ್ಲಿ ಹಾಗಲ್ಲ, ಪೋರ್ಟ್ ಬದಲಾದರೆ ಕಾಮ್ ನಂಬರ್ ಬದಲು, ಆಮೇಲೆ "ಪೋರ್ಟ್ ಓಪನ್ ಆಗ್ತಿಲ್ಲ" ಎಂದು ಪರದಾಟ. ಆದರೆ ಎಫ್‌ಟಿಡಿಐ ಹೆಸರಿನ ನಕಲಿ ಚಿಪ್‌ಗಳು ಬಹಳ. 2014ರ ಅಕ್ಟೋಬರ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ಬಂದ ಎಫ್‌ಟಿಡಿಐ ಡ್ರೈವರ್ ನಕಲಿ ಚಿಪ್‌ಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿ, ಕಂಪ್ಯೂಟರ್ ಅವನ್ನು ಗುರುತಿಸದ ಹಾಗೆ ಮಾಡಿತ್ತು. ದೊಡ್ಡ ಗಲಾಟೆ ಆಗಿ ಆ ಡ್ರೈವರ್ ವಾಪಸ್ ತೆಗೆದರು. ಬಿಲ್ ಕೊಡುವ ಅಂಗಡಿಯಲ್ಲಿ ತೆಗೆದುಕೊಳ್ಳಿ ಎನ್ನುವುದು ಇದಕ್ಕೇ.

ಒಂದು ಸೆಟ್ಟಿಂಗ್ ಮಾತ್ರ ಬದಲಿಸಿ. ಡಿವೈಸ್ ಮ್ಯಾನೇಜರ್‌ನಲ್ಲಿ ಈ ಪೋರ್ಟಿನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ತೆರೆದರೆ ಲೇಟೆನ್ಸಿ ಟೈಮರ್ 16 ಮಿಲಿಸೆಕೆಂಡ್ ಎಂದಿರುತ್ತದೆ. ಚಿಪ್ ತನ್ನ ಹತ್ತಿರ ಬಂದ ನಾಲ್ಕಾರು ಬೈಟ್‌ಗಳನ್ನು ಅಷ್ಟು ಹೊತ್ತು ಇಟ್ಟುಕೊಂಡು ಆಮೇಲೆ ಕೊಡುತ್ತದೆ. ಮಾಡ್‌ಬಸ್ ಆರ್‌ಟಿಯುನಲ್ಲಿ ಒಂದು ಸಂದೇಶ ಮುಗಿಯಿತು ಎಂದು ಗೊತ್ತಾಗುವುದೇ ಮೂರೂವರೆ ಅಕ್ಷರದಷ್ಟು ಮೌನದಿಂದ, 9600 ವೇಗದಲ್ಲಿ ಅದು ಸುಮಾರು 4 ಮಿಲಿಸೆಕೆಂಡ್. ಟೈಮರನ್ನು 1ಕ್ಕೆ ಇಳಿಸಿದರೆ ಪೋಲಿಂಗ್ ಚುರುಕಾಗುತ್ತದೆ, ಲೈನ್ ಕೇಳಿಸಿಕೊಳ್ಳುವಾಗ ಸಂದೇಶಗಳು ಒಂದರ ಬಾಲಕ್ಕೆ ಒಂದು ಅಂಟಿಕೊಂಡು ಬರುವುದು ಕಡಿಮೆಯಾಗುತ್ತದೆ.

ಈ ಡಬ್ಬಿ ಏನು ಮಾಡುವುದಿಲ್ಲ ಎಂದೂ ಹೇಳಬೇಕು. ಇದು ರೋಗ ಹೇಳುವುದಿಲ್ಲ. ಬೈಟ್ ತಂದು ಕೊಡುತ್ತದೆ, ಅಷ್ಟೇ. ಮ್ಯಾನುವಲ್‌ನಲ್ಲಿ 40001 ಎಂದಿರುವ ರಿಜಿಸ್ಟರ್ ಲೈನಿನಲ್ಲಿ ಸೊನ್ನೆ ಎಂದು ಹೋಗಬೇಕು ಎನ್ನುವುದು ನಿಮಗೇ ಗೊತ್ತಿರಬೇಕು. ಒಂದು ಹೆಚ್ಚುಕಮ್ಮಿ ಆದರೆ ಪಕ್ಕದ ಮೌಲ್ಯ ಬರುತ್ತದೆ, ಇಲ್ಲವೇ ಎಕ್ಸೆಪ್ಶನ್ 02, ಅಂದರೆ ಅಂಥ ರಿಜಿಸ್ಟರ್ ಇಲ್ಲ ಎಂಬ ಉತ್ತರ. ಎಕ್ಸೆಪ್ಶನ್ ಬಂದರೆ ಖುಷಿ ಪಡಿ, ಲೈನ್ ಚೆನ್ನಾಗಿದೆ ಎಂದರ್ಥ, ಮೀಟರ್ ನಿಮ್ಮ ಪ್ರಶ್ನೆ ಸರಿಯಾಗಿ ಕೇಳಿಸಿಕೊಂಡು, ಆಮೇಲೆ "ಆಗಲ್ಲ" ಎಂದಿದೆ. 230 ವೋಲ್ಟ್ ಬರಬೇಕಾದಲ್ಲಿ ಸೊನ್ನೆಗೆ ಅಂಟಿಕೊಂಡ ವಿಚಿತ್ರ ಸಂಖ್ಯೆ ಬಂದರೆ ಎರಡು ವರ್ಡ್‌ಗಳು (ಒಂದೇ ಸಂಖ್ಯೆಯನ್ನು ಹಂಚಿಕೊಂಡ ಎರಡು ರಿಜಿಸ್ಟರ್) ಅದಲು ಬದಲಾಗಿವೆ. 230 ಫ್ಲೋಟ್ (ದಶಮಾಂಶ ಸಂಖ್ಯೆ) ರೂಪದಲ್ಲಿ, ಹೆಕ್ಸ್‌ನಲ್ಲಿ ಬರೆದರೆ, 4366 0000, ತಿರುಗಿಸಿದರೆ 0000 4366, ಅದು ಪರದೆ ಮೇಲೆ ಸೊನ್ನೆಯಾಗಿಯೇ ಕಾಣಬಹುದು. ಇದಕ್ಕೆಲ್ಲ ಕನ್ವರ್ಟರ್ ಬದಲಿಸುವವರನ್ನು ನೋಡಿದ್ದೇನೆ. ಸುಮ್ನೆ ದಂಡ. ಓದಲು ನಾನು ಬಳಸುವುದು ಕ್ಯೂಮಾಡ್‌ಮಾಸ್ಟರ್ ಎಂಬ ಸಾಫ್ಟ್‌ವೇರ್, ದುಡ್ಡಿಲ್ಲ, ಹೋಗುವ ಬರುವ ಬೈಟ್ ಎರಡನ್ನೂ ತೋರಿಸುತ್ತದೆ. ದಿನಾ ಇದೇ ಕೆಲಸವಾದರೆ ಮಾಡ್‌ಬಸ್ ಪೋಲ್ ಕೊಳ್ಳಿ.

ಬೈಗುಳ ಈಗ. ಸ್ಕ್ರೂ ಟರ್ಮಿನಲ್ ತೀರಾ ಸಣ್ಣದು, ದಪ್ಪ ಶೀಲ್ಡೆಡ್ ಕೇಬಲಿನ ತಂತಿ ನೇರವಾಗಿ ಹೋಗುವುದಿಲ್ಲ, ನಾನು ಸಣ್ಣ ತಂತಿಯ ಮೂರು ತುಂಡು ಕಾಯಂ ಆಗಿ ಹಾಕಿ ಅದರ ತುದಿಗೆ ಕ್ರೊಕೊಡೈಲ್ ಕ್ಲಿಪ್ ಕೊಟ್ಟಿದ್ದೇನೆ. ಡಿಪ್ ಸ್ವಿಚ್‌ಗಳು ಡಬ್ಬಿಯ ಅಡಿಯಲ್ಲಿವೆ, ಉಗುರಿಗೆ ಸಿಗುವುದಿಲ್ಲ, ಟೆಸ್ಟರ್ ಬೇಕು. ಯಾವ ಸ್ವಿಚ್ ಯಾವುದಕ್ಕೆ ಎಂದು ಮೇಲೆ ಬರೆದಿಲ್ಲ. ಕಾಗದದಲ್ಲಿ ಬರೆದಿದೆ, ಆದರೆ ಒಂದು ಮತ್ತು ಮೂರು ಉಲ್ಟಾ ಅಚ್ಚಾಗಿದೆ. ಮಲ್ಟಿಮೀಟರ್ ಹಿಡಿದು ಕಂಡುಹಿಡಿದು ಮಾರ್ಕರ್‌ನಲ್ಲಿ ಬರೆದುಕೊಂಡೆ. ಎರಡು ಸಾವಿರಕ್ಕೂ ಮೇಲೆ ದುಡ್ಡು ತೆಗೆದುಕೊಂಡು ಒಂದು ಕಾಗದ ಸರಿಯಾಗಿ ಅಚ್ಚು ಹಾಕಿಸಲು ಆಗದಿದ್ದರೆ ಏನು ಹೇಳುವುದು. ಜೊತೆಗೆ ಬಂದ ಯುಎಸ್‌ಬಿ ಕೇಬಲ್ ಮೊಳದಷ್ಟು ಉದ್ದ, ಪ್ಯಾನೆಲಿನ ಮೇಲ್ಭಾಗದ ಟರ್ಮಿನಲ್‌ಗೆ ಸಿಕ್ಕಿಸಿದರೆ ಲ್ಯಾಪ್‌ಟಾಪ್ ಕೈಯಲ್ಲಿ ಹಿಡಿದುಕೊಂಡೇ ನಿಲ್ಲಬೇಕು. ಫೆರೈಟ್ (ನಾಯ್ಸ್ ತಡೆಯುವ ದಪ್ಪ ಮಣಿ) ಇರುವ ಒಳ್ಳೆ ಕೇಬಲ್ ಬೇರೆ ತೆಗೆದುಕೊಳ್ಳಿ, ಅದನ್ನೂ ಬೆಲೆಗೆ ಸೇರಿಸಿಕೊಳ್ಳಿ.

ಪ್ಯಾನೆಲ್ ಕಟ್ಟುವವರು, ಸೋಲಾರ್ ಇನ್ವರ್ಟರ್ ಮತ್ತು ಮೀಟರ್ ಕಮಿಷನ್ ಮಾಡುವವರು, ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಮೇಲೆ ಫ್ಯಾಕ್ಟರಿ ಸುತ್ತುವವರು ತೆಗೆದುಕೊಳ್ಳಿ. ಕಾಲೇಜು ಪ್ರಾಜೆಕ್ಟ್ ಮಾಡುವವರಿಗೆ ಬೇಡ, ಆ ದುಡ್ಡಿಗೆ ಒಳ್ಳೆ ಮಲ್ಟಿಮೀಟರ್ ಬರುತ್ತದೆ, ಮೊದಲು ಅದು ಬೇಕು. ಅಂಗಡಿಗೆ ಹೋಗುವಾಗ ಲ್ಯಾಪ್‌ಟಾಪ್ ಮತ್ತು ಹಳೆ ಡಾಂಗಲ್ ಜೊತೆಗಿರಲಿ. ಎರಡನ್ನೂ ಸಿಕ್ಕಿಸಿ ಎ ಗೆ ಎ, ಬಿ ಗೆ ಬಿ, ಗ್ರೌಂಡ್ ಇದ್ದರೆ ಗ್ರೌಂಡಿಗೆ ಗ್ರೌಂಡ್ ಕೊಟ್ಟು, ಎರಡು ಟರ್ಮಿನಲ್ ಸಾಫ್ಟ್‌ವೇರ್ ಕಿಟಕಿ ತೆರೆದು ಒಂದರಲ್ಲಿ ಟೈಪ್ ಮಾಡಿದ್ದು ಇನ್ನೊಂದರಲ್ಲಿ ಬರುತ್ತದಾ ನೋಡಿ, 115200 ವೇಗದಲ್ಲೂ ನೋಡಿ. ಆಮೇಲೆ ಎರಡನ್ನೂ ಕಿತ್ತು, ಹೊಸದರ ಯುಎಸ್‌ಬಿ ಗ್ರೌಂಡ್ ಮತ್ತು ಲೈನ್ ಗ್ರೌಂಡ್ ನಡುವೆ ಮಲ್ಟಿಮೀಟರ್ ಇಡಿ. ಕಂಟಿನ್ಯುಟಿ ಬೀಪ್ ಬಂದರೆ ಐಸೊಲೇಶನ್ ಇರುವುದು ಸ್ಟಿಕ್ಕರ್ ಮೇಲೆ ಮಾತ್ರ, ಅಲ್ಲೇ ವಾಪಸ್ ಕೊಡಿ.